ವೀಸಾದ ಊರಿಗೆ ಮನೆ ನೋಡಲು

ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ನೀರು ಕೇಳುವ ಚಟ ನನಗೆ. ಕೊಟ್ಟ ನೀರನ್ನು ಒಮ್ಮೆಲೆ ಗಂಟಲಿಗೆ ಇಳಿಸುವುದೂ ಇಲ್ಲ. ಮೊದಲ ಗುಟುಕನ್ನು ಬಾಯಲ್ಲಿ ಹಿಡಿದು, ಎಡಗಲ್ಲದಿಂದ ಬಲಗಲ್ಲಕ್ಕೆ ಒಂದು ಸುತ್ತು ತಿರುಗಿಸಿ, ನಾಲಿಗೆಯ ಹಿಂದೆ ಎಲ್ಲಾದರೂ ಸವಳು ಅಡಗಿದೆಯೇ ಎಂದು ಹುಡುಕಿ, ಆಮೇಲೆ ನುಂಗುತ್ತೇನೆ. ಮನೆಯ ಹೆಣ್ಣುಮಗಳು ತಂಬಿಗೆ ಹಿಡಿದು ಎದುರಿಗೇ ನಿಂತಿರುತ್ತಾಳೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳಂತೆ. ನನ್ನ ಮಗಳು ಸವಿತಾ ಜೊತೆಗಿದ್ದರೆ ಮೊಣಕೈಯಿಂದ ತಿವಿಯುತ್ತಾಳೆ. "ಯವ್ವಾ, ಮಂದಿ ಮನ್ಯಾಗ ಬಾಯಿ ಮುಕ್ಕಳಸಬ್ಯಾಡ ಬೇ, ನಾಚಿಕಿ ಬರ್ತೈತಿ."

ಮೊನ್ನೆ ರಾಯಬಾಗದ ಒಂದು ಮದುವೆಯಲ್ಲಿ ಸೀಲು ಹಾಕಿದ ಬಾಟ್ಲಿ ನೀರನ್ನೂ ಹೀಗೇ ಪರೀಕ್ಷಿಸಿದೆನಂತೆ. ನನಗೆ ನೆನಪಿಲ್ಲ. ಚಟ ಅಂದರೆ ಅದೇ ತಾನೆ, ಮಾಡಿದ್ದು ಮಾಡಿದವರಿಗೆ ಗೊತ್ತಾಗಬಾರದು.

ತಪ್ಪು ನನ್ನದಲ್ಲ, ಅಕ್ಕಾತಾಯಿ ಅತ್ತಿಯದು. ನನ್ನ ಅಪ್ಪನ ಅಕ್ಕ. ಬಹಳ ವರ್ಷಗಳಿಂದ ನಮ್ಮ ಮನೆಯಲ್ಲೇ ಇದ್ದಾಳೆ. ನನಗೆ ಮಾತು ಕಲಿಸಿದವಳು ಅವಳೇ, ಮಾತನ್ನು ನಂಬಬಾರದೆಂದು ಕಲಿಸಿದವಳೂ ಅವಳೇ. ನಮ್ಮ ಬಳಗದಲ್ಲಿ ಹೆಣ್ಣು ಕೊಡುವ ಮೊದಲು ವರನ ಮನೆ ನೋಡಲು ಹೋಗುವ ಗುಂಪು ಇರುತ್ತದಲ್ಲ, ಅದಕ್ಕೆ ಅತ್ತಿಯೇ ಮುಂದಾಳು. ಗಂಡಸರು ಹೊಲ ನೋಡುತ್ತಾರೆ, ಪಂಪಸೆಟ್ಟು ನೋಡುತ್ತಾರೆ, ಗೋಡೆ ಇಟ್ಟಂಗಿಯದೋ ಮಣ್ಣಿನದೋ ಎಂದು ಬೆರಳಿನಿಂದ ಬಡಿದು ನೋಡುತ್ತಾರೆ. ಅತ್ತಿ ಅದಾವುದನ್ನೂ ನೋಡುತ್ತಿರಲಿಲ್ಲ. ಸೆರಗಿನ ತುದಿಗೆ ಒಂದು ಮುಷ್ಟಿ ತೊಗರಿಬೇಳೆ ಕಟ್ಟಿಕೊಂಡು ಹೋಗುತ್ತಿದ್ದಳು. ಆ ಊರಲ್ಲಿ ಪರಿಚಯದವರ ಮನೆ ಇದ್ದೇ ಇರುತ್ತದೆ. ಅಲ್ಲಿ ಕೂತು, "ಒಂದಿಷ್ಟು ಬ್ಯಾಳಿ ಇಟ್ಟಬಿಡ್ರೆವಾ, ಹೊಟ್ಟಿ ಹಸದೈತಿ" ಎನ್ನುತ್ತಿದ್ದಳು. ಬೇಳೆ ಬೇಗ ಕರಗಿದರೆ ಊರು ಪಾಸು. ಒಲೆಯ ಮೇಲೆ ಕುಣಿಯುತ್ತಲೇ ಉಳಿದರೆ ಅತ್ತಿ ಉಣ್ಣದೆ ಎದ್ದು ಬರುತ್ತಿದ್ದಳು. "ಈ ನೀರಾಗ ನಮ್ಮ ಹುಡುಗಿ ಜಲಮಪೂರ್ತಿ ಒಲಿ ಊದಕೋತ ಕೂಡಬೇಕಾಕ್ಕೈತಿ. ನಡ್ರಿ." ಅಂಥ ಒಂದು ಊರು ಅಥಣಿ ರಸ್ತೆಯಲ್ಲೇ ಇತ್ತು. ಹೆಸರು ಹೇಳುವುದಿಲ್ಲ. ಆ ಊರಿನವರೂ ನನ್ನ ಹಿಟ್ಟಿನ ಗಿರಣಿಗೆ ಬರುತ್ತಾರೆ.

ಸ್ವತಃ ಅತ್ತಿಯನ್ನು ಕೊಡುವಾಗ ಮಾತ್ರ ಯಾರೂ ಊರು ನೋಡಿರಲಿಲ್ಲ. ನಿಪ್ಪಾಣಿ ಸೀಮೆಯ ಹುಡುಗಿಯನ್ನು ನೀರಿಗೆ ಬರವಿರುವ ತೆಲಸಂಗಕ್ಕೆ ಕೊಟ್ಟರು. ನೋಡಲು ಹೋದವರು ವರನ ಮೀಸೆ ನೋಡಿ ಬಂದರಂತೆ. "ಮೀಸಿ ಭಾಳ ಛಲೋ ಇತ್ತು," ಎನ್ನುತ್ತಾಳೆ ಅತ್ತಿ. "ಆದ್ರ ಮೀಸಿಲೆ ನೀರ ಸೇದಾಕ ಬರ್ತೈತೇನ?"

ಹಾಗೆಂದು ನೀವು ತೆಲಸಂಗವನ್ನು ಬೈಯಲು ಹೋಗಬೇಡಿ. ಒಮ್ಮೆ ನಮ್ಮವರು, ಅಂದರೆ ನನ್ನ ಯಜಮಾನರು, "ಅಲ್ಲೇನೈತಿ ಅತ್ತಿ, ಬರೇ ಬಿಸಲ" ಎಂದುಬಿಟ್ಟರು. ಅತ್ತಿ ಎರಡು ದಿನ ಅವರ ಕಡೆ ಮುಖ ತಿರುಗಿಸಲಿಲ್ಲ. ಇವತ್ತಿಗೂ ರೊಟ್ಟಿಗೆ ತೆಲಸಂಗದ ಕರಿಮಣ್ಣಿನ ಎರಿ ಹೊಲದ ಬಿಳಿಜೋಳವೇ ಬೇಕು ಅವಳಿಗೆ. "ನಿಮ್ಮ ನೀರಾವರಿ ಜ್ವಾಳ ಅಂದ್ರ ಹೊಟ್ಟಿ ತುಂಬಸೂ ಸಾಮಾನ. ರುಚಿ ಅನ್ನೂದು ಬ್ಯಾರೆ." ಆ ಊರನ್ನು ಬೈಯುವ ಹಕ್ಕು ಅವಳೊಬ್ಬಳದು. ಬಾಳಿದವರಿಗೆ ಮಾತ್ರ ಸಿಗುವ ಹಕ್ಕು ಅದು.

ಈ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ಚಿಕ್ಕೋಡಿಯಲ್ಲಿ ನಾವು ಹಿಟ್ಟಿನ ಗಿರಣಿ ಹಾಕಿದ ಮೇಲೆ. ಗಿರಣಿ ಅಂದರೆ ಬರೀ ಹಿಟ್ಟು ಬೀಸುವ ಜಾಗ ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯ ಹಿಟ್ಟಿನ ಡಬ್ಬಿಯನ್ನು ಬೇರೆ ಯಾರೋ ತಂದುಕೊಡುತ್ತಾರೆಂದೇ ಅರ್ಥ. ಒಂದು ಹೊಸ ಮುಖ ಬರುತ್ತದೆ. ಕೈಯಲ್ಲಿ ಅಂಗೈಯಗಲದ ಚೀಲ, ಅದರಲ್ಲಿ ಗುಬ್ಬಿಗೆ ಹಾಕುವಷ್ಟು ಗೋಧಿ. ಪಾಳಿ ಬಂದರೂ "ಅವರದು ಮೊದಲ ಹಾಕ್ರಿ, ನನಗೇನು ಗಡಿಬಿಡಿ ಇಲ್ಲ" ಎನ್ನುತ್ತದೆ. ಆಗಲೇ ನನಗೆ ಗೊತ್ತಾಗುತ್ತದೆ, ಇವರು ಯಾರದೋ ಮನೆಯ ಸುದ್ದಿ ಕೇಳಲು ಬಂದವರು. ಗಿರಣಿಯ ಸದ್ದಿನಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯ ಅವರಿಗೆ. ಅಷ್ಟೇ ಅಲ್ಲ, ನಮ್ಮದು ಗಡಿಸೀಮೆ ನೋಡಿ, ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಕೇಳುತ್ತಾರೆ. ಎರಡೂ ಉತ್ತರ ಕೂಡಿದರೆ ಮಾತ್ರ ನಂಬಿಕೆ. ಎರಡು ಭಾಷೆಯಲ್ಲಿ ಸಂಶಯಪಡುವ ಮಂದಿ ನಾವು.

ಗಿರಣಿಗೆ ಬರುವ ಹೆಂಗಸರದೂ ಒಂದು ರೀತಿ ಇದೆ. ಯಾರ ಮನೆಯನ್ನೂ ಕೆಟ್ಟದ್ದು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಪಾಪ ಸುತ್ತಿಕೊಳ್ಳುತ್ತದೆ. ಮನೆ ಒಳ್ಳೆಯದಿದ್ದರೆ ತುಸು ಬೈಯುತ್ತಾರೆ. "ಆ ಮನಿ ಅತ್ತಿದು ಬಾಯಿ ಜೋರ ಬಿಡ್ರಿ, ಆದ್ರ ಕೈ ಧಾರಾಳ." "ಮಾವ ಚಹಾಕ್ಕ ಸಕ್ಕರಿ ಕಡಿಮಿ ಹಾಕಸ್ತಾನ, ಅದೊಂದು ಬಿಟ್ರ ದೇವರಂಥಾಂವ." ಅದೇ ಕೇಳಿದ ಕೂಡಲೇ, "ಅಯ್ಯ, ಭಾಳ ಛಲೋ ಮಂದಿರಿ, ಹೆಸರಿಡಾಂಗಿಲ್ಲ" ಎಂದು ಗಡಬಡಿಸಿ ಹೊಗಳಿದರೋ, ತಿಳಿದವರು ಅರ್ಧ ಬೀಸಿದ ಗೋಧಿಯನ್ನು ಬಿಟ್ಟು ಬಸ್ಸು ಹಿಡಿಯುತ್ತಾರೆ.

ಇದರಲ್ಲಿ ಅತ್ತಿ ಮೋಸಹೋದದ್ದನ್ನು ನಾನು ಕಂಡಿಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಒಂದು ಸಂಬಂಧ ಬಂದಿತ್ತು. ವರನ ಕಡೆಯವರು "ನಮಗೇನೂ ಬ್ಯಾಡ್ರಿ, ಮದಿವೀನೂ ನಾವ ಮಾಡಕೊಳ್ತೇವಿ, ಹುಡುಗಿ ಒಬ್ಬಾಕಿ ಬಂದ್ರ ಸಾಕು" ಎಂದರು. ಮನೆಯ ಗಂಡಸರಿಗೆಲ್ಲ ಕಣ್ಣಲ್ಲಿ ನೀರು ಬಂತು. ಅತ್ತಿಯ ಕಣ್ಣು ಮಾತ್ರ ಸಣ್ಣದಾಯಿತು. ಹೇಳದೆ ಕೇಳದೆ ಹೋಗಿ ಅವರ ಹಿತ್ತಲು ನೋಡಿ ಬಂದಳು. ಹಿತ್ತಲ ತುಂಬ ಎಮ್ಮೆಗಳು, ಡೇರಿಯ ಕ್ಯಾನುಗಳ ಸಾಲು, ಮನೆಯಲ್ಲಿ ಹೆಣ್ಣು ಪ್ರಾಣಿ ಎಂದರೆ ಮಂಡಿನೋವಿನ ಒಬ್ಬ ಮುದುಕಿ. "ಅವರಿಗೆ ಸೊಸಿ ಬೇಕಾಗಿಲ್ಲಪಾ," ಅಂದಳು ಅತ್ತಿ. "ಕೈ ಬೇಕಾಗ್ಯಾವ." ಸಂಬಂಧ ಅಲ್ಲಿಗೇ ಮುರಿಯಿತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಇಂಥ ಮನೆಯಲ್ಲಿ ಕೂತು ನನ್ನ ಮಗಳು ಒಂದು ಭಾನುವಾರ ಮಧ್ಯಾಹ್ನ, "ಯವ್ವಾ, ನಾ ಆಸ್ಟ್ರೇಲಿಯಾಕ್ಕ ಹೋಗೂ ಬಗ್ಗೆ ಹೂಂ ಅನ್ನಬೇಕೋ ಬ್ಯಾಡೋ ಹೇಳ್ರಿ" ಎಂದಳು.

ಸವಿತಾ ನರ್ಸು. ಕಾಗವಾಡ ದಾಟಿದರೆ ಮಿರಜ, ಅಲ್ಲಿಯ ಒಂದು ದವಾಖಾನೆಯಲ್ಲಿ ಕೆಲಸ. ಅಲ್ಲೇ ಖೋಲಿ ಮಾಡಿಕೊಂಡಿದ್ದಾಳೆ, ರಜೆ ಸಿಕ್ಕಾಗ ಬಸ್ಸು ಹತ್ತಿ ಬರುತ್ತಾಳೆ. ಹೊರದೇಶದ ಸಲುವಾಗಿ ಇಂಗ್ಲಿಷ್ ಪರೀಕ್ಷೆ, ಅಲ್ಲಿಯ ನರ್ಸುಗಳ ನೋಂದಣಿ, ಎಲ್ಲವನ್ನೂ ಮುಗಿಸಿಕೊಂಡಿದ್ದಳು. ಅಲ್ಲಿಯವರೆಗೆ ನಾವು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಓದುವ ಚಟ, ಓದಲಿ ಎಂದುಕೊಂಡಿದ್ದೆವು.

ಬೆಳಗಾವಿಯ ಏಜೆಂಟ ಅವಳ ಮುಂದೆ ಎರಡು ದಾರಿ ಇಟ್ಟಿದ್ದ. ಒಂದು, ಆ ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದಾದ ವೀಸಾ. ಅದಕ್ಕೆ ವಯಸ್ಸು, ಓದು, ಅನುಭವ ನೋಡಿ ಕೊಡುವ ಅಂಕ, ಅಂದರೆ ಪಾಯಿಂಟು, ಸವಿತಾಳಿಗೆ ಕಡಿಮೆ ಬೀಳುತ್ತಿದ್ದವು. ಕಾಯಬೇಕು. ಕರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರುವ ಹುಟ್ಟುಹಬ್ಬ ದಾಟಿದರೆ ವಯಸ್ಸಿನ ಪಾಯಿಂಟೂ ಇಳಿಯುತ್ತವೆ, ಆಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಇನ್ನೊಂದಕ್ಕೆ ರೀಜನಲ್ ವೀಸಾ ಎನ್ನುತ್ತಾರೆ. ದೊಡ್ಡ ಶಹರ ಬಿಟ್ಟು ದೂರದ ಸಣ್ಣ ಊರುಗಳ ಕಡೆ ಹೋಗಿ ಇರುತ್ತೇನೆ ಎಂದರೆ ಮೇಲಿಂದ ಇನ್ನಷ್ಟು ಪಾಯಿಂಟು ಕೊಡುತ್ತಾರೆ. ಆದರೆ ಕೆಲವು ವರ್ಷ ಆ ಸೀಮೆಯಲ್ಲೇ ಇದ್ದು ದುಡಿಯಬೇಕು. ಅದು ಮುಗಿದ ಮೇಲೆ ಕಾಯಂ ಆಗಲು ಕೇಳಿಕೊಳ್ಳಬಹುದು. ಈ ಎರಡನೆಯ ದಾರಿಯಿಂದ ಅವಳಿಗೆ ಕರೆ ಬಂದಿತ್ತು. ಒಂದು ಸಣ್ಣ ಊರಿನ ದವಾಖಾನೆ ಕೆಲಸ ಕೊಡಲೂ ತಯಾರಿತ್ತು. ಹೂಂ ಎನ್ನಲು ಕೆಲವೇ ವಾರ ಉಳಿದಿದ್ದವು.

ಅತ್ತಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

"ಏನಂದಿ? ಆ ಊರಿಗೆ ಹೋಗ್ತೇನಿ ಅಂದ್ರ ತಾವ ಮ್ಯಾಲ ಕೊಡ್ತಾರ?"

"ಹೂಂ ಆಯಿ, ಪಾಯಿಂಟ." ನನ್ನ ಅತ್ತಿ ಸವಿತಾಳಿಗೆ ಆಯಿ, ಅಂದರೆ ಅಜ್ಜಿ.

"ಏನರ ಇರ್ಲಿ. ಏನೂ ಬ್ಯಾಡ ಅಂದವರ ಹಿತ್ತಲದಾಗ ಎಮ್ಮಿ ಇದ್ದು. ಇವರು ತಾವ ಮ್ಯಾಲ ಕೊಡ್ತೇವಿ ಅನ್ನಾಕತ್ತಾರಂದ್ರ ಇವರ ಹಿತ್ತಲದಾಗ ಏನ ಅದಾವೋ!"

"ಆಯಿ, ಇವರು ಎಮ್ಮಿ ಅದಾವ ಅಂತ ಮೊದಲ ಹೇಳ್ಯಾರಲ್ಲ. ನಮ್ಮಲ್ಲಿ ನರ್ಸ್ ಇಲ್ಲ, ಯಾರೂ ಬರವಲ್ಲರು, ನೀವು ಬರ್ರಿ ಅಂತ ಅವರ ಅನ್ನಾಕತ್ತಾರ. ಮುಚ್ಚಿಟ್ಟಿದ್ದೇನೈತಿ?"

"ಯಾರೂ ಯಾಕ ಬರವಲ್ಲರು, ಅದನ್ನ ಹೇಳ್ಯಾರೇನ?"

ಅದರ ಉತ್ತರ ನನಗೂ ಬೇಕಾಗಿತ್ತು. ನಾನು ಎದ್ದು ಅವಳ ಮೊಬೈಲಿನಲ್ಲಿ ಆ ಊರು ತೋರಿಸು ಎಂದೆ. ಹೆಸರು ನನ್ನ ಬಾಯಿಗೆ ಹತ್ತಲಿಲ್ಲ, ಈಗಲೂ ಹತ್ತುವುದಿಲ್ಲ. ನಕಾಶೆಯಲ್ಲಿ ಸುತ್ತಲೂ ಕಂದು ಬಣ್ಣ, ನಡುವೆ ಒಂದು ಗೀಟು, ಗೀಟಿನ ಮೇಲೆ ಊರು. ರಸ್ತೆಯ ಫೋಟೋಗಳೂ ಇದ್ದವು. ಅಗಲವಾದ ರಸ್ತೆ, ಎರಡೂ ಕಡೆ ಚಂದದ ಮನೆಗಳು, ಹುಲ್ಲು ಕತ್ತರಿಸಿದ ಅಂಗಳ. ಬೆರಳಿನಿಂದ ತಳ್ಳುತ್ತ ಆ ಊರಿನ ಆ ತುದಿಯಿಂದ ಈ ತುದಿಗೆ ನಡೆದೆ. ಒಬ್ಬ ಮನುಷ್ಯ ಸಿಗಲಿಲ್ಲ. ಕಟ್ಟೆಯ ಮೇಲೆ ಕೂತವರಿಲ್ಲ, ಬಾಗಿಲಲ್ಲಿ ನಿಂತವರಿಲ್ಲ, ಮಲಗಿದ ಒಂದು ನಾಯಿಯೂ ಇಲ್ಲ.

"ಮಂದಿ ಎಲ್ಲಿ ಹೋಗ್ಯಾರ?" ಎಂದೆ.

"ಒಳಗ ಅದಾರ ಬೇ."

"ಎಲ್ಲಾರೂ? ಹಗಲಿನ್ಯಾಗ?"

ನಮ್ಮವರು ಅಲ್ಲೇ ಇದ್ದರು. ಗಿರಣಿಯ ಕಲ್ಲಿನ ಸದ್ದು ಕೇಳಿ ಕೇಳಿ ಅವರಿಗೆ ಅರ್ಧ ಕಿವುಡು. ಏನು ಹೇಳಿದರೂ ನಕ್ಕು ತಲೆ ಆಡಿಸುತ್ತಾರೆ. "ಛಲೋ ಆತು, ಹೋಗಿ ಬರ್ಲಿ" ಎಂದರು, ಕೊಲ್ಲಾಪುರಕ್ಕೆ ಹೊರಟಿದ್ದಾಳೆ ಎಂಬಂತೆ. ಪೂರ್ತಿ ಕೇಳಿಸದವರಿಗೆ ಸಂಶಯದ ಕಾಟ ಇರುವುದಿಲ್ಲ, ಪುಣ್ಯವಂತರು.

ಗಿರಣಿಗೂ ಸುದ್ದಿ ಮುಟ್ಟಿತು. ಡಬ್ಬಿ ಇಳಿಸುತ್ತಲೇ ಒಬ್ಬಾಕೆ, "ಮದಿವಿ ಮಾಡದ ಹಂಗ ಹೆಂಗ ಕಳಸ್ತೀರ್ರಿ ಅಕ್ಕಾರ? ಇದೂ ಒಂದ ಊರಿಗೆ ಕೊಟ್ಟಾಂಗ ಆಗಲಿಲ್ಲೇನ, ಅದೂ ವರಾ ಇಲ್ಲದ ಊರಿಗೆ!" ಎಂದಳು. ಮನೆಗೆ ಬಂದು ಅತ್ತಿಗೆ ಹೇಳಿದೆ. ಅತ್ತಿ ವಿಚಾರ ಮಾಡಿ, "ವರಾ ಇಲ್ಲಲ್ಲ, ಅಷ್ಟರ ಮಟ್ಟಿಗೆ ಒಂದ ಸಂಶೇ ಕಡಿಮಿ ಆತು" ಎಂದಳು.

ಆದರೆ ಆ ಮಾತು ಅವಳ ತಲೆಯಲ್ಲಿ ಕೂತಿತು. ಊರಿಗೆ ಕೊಡುವುದೇ ಆದರೆ ಊರು ನೋಡಲೇಬೇಕು. ಸಂಜೆಗೆ ತೀರ್ಮಾನವಾಯಿತು, ಮನೆ ನೋಡದೆ ಹೂಂ ಅನ್ನುವಂತಿಲ್ಲ. ಸಮುದ್ರದ ಆಚೆಯ ಊರಿಗೆ ಮನೆ ನೋಡಲು ಹೋಗುವುದು ಹೇಗೆ? ಸವಿತಾ ಏಜೆಂಟನಿಗೆ ಫೋನು ಮಾಡಿದಳು. ಆತ ಖುಷಿಯಿಂದ, "ಅಲ್ಲಿ ನಿಪ್ಪಾಣಿ ಕಡೆಯ ಒಬ್ಬರು ನರ್ಸ್ ಅದಾರ, ನಸೀಮಾ ಅಂತ. ನಂಬರ ಕೊಡ್ತೇನಿ, ನೀವ ಮಾತಾಡ್ರಿ" ಎಂದ.

ನನಗೆ ಜೀವ ಬಂದಂತಾಯಿತು. ಅತ್ತಿಗೆ ಹೋದಂತಾಯಿತು.

"ಆ ಏಜೆಂಟನ ಕೊಟ್ಟನ? ವರನ ಕಡೆಯವರು ತೋರಿಸಿದ ಬಾಂವಿ ನೀರ ಕುಡೀಬಾರದವ್ವಾ. ಒಬ್ಬಾಕಿನ್ನ ಸಜ್ಜ ಮಾಡಿ ಕುಂಡ್ರಿಸಿರ್ತಾನ."

"ಆಯಿ, ಆಕಿನೂ ನನ್ನಂಗ ನರ್ಸು."

"ನರ್ಸ ಆದ್ರೇನಾತು, ನಾಲಿಗಿ ಇರೂದಿಲ್ಲೇನ? ಇರ್ಲಿ, ಹಚ್ಚು. ಕೇಳೂದು ನಾ ಕೇಳ್ತೇನಿ."

ನಸೀಮಾಳಿಗೂ ಸವಿತಾಳಿಗೂ ರಜೆ ಇದ್ದ ದಿನ ನೋಡಿ ಫೋನು ಹಚ್ಚಿದೆವು. ಗಿರಣಿ ಬಂದ್ ಮಾಡಿ ನಾವು ಹೆಂಗಸರು ಮೂವರೂ ಪಡಸಾಲೆಯಲ್ಲಿ ಕೂತೆವು. ಅದು ಮುಖ ಕಾಣುವ ಫೋನು, ಮುಂದೆ ಹಿಡಿದು ಮಾತಾಡಬೇಕು ಎಂದು ಸವಿತಾ ಎಷ್ಟು ಹೇಳಿದರೂ ಅತ್ತಿ ಕಿವಿಗೇ ಒತ್ತಿಕೊಂಡಳು. ಹೀಗಾಗಿ ಆ ಕಡೆಯ ಹೆಣ್ಣುಮಗಳಿಗೆ ನಮ್ಮ ಮನೆಯಿಂದ ಮೊದಲು ಕಂಡದ್ದು ಒಂದು ಕಿವಿ, ಅದರಲ್ಲಿ ಜೋತಾಡುವ ಹಳೇ ಬುಗುಡಿ. ಆಕೆ ನಕ್ಕ ಸದ್ದು ನಮಗೆಲ್ಲ ಕೇಳಿತು. ಚಿಕ್ಕ ವಯಸ್ಸಿನ ನಗು, ಸವಿತಾಳದೇ ವಯಸ್ಸು ಇರಬೇಕು.

"ಸಲಾಮ್ ಆಯಿ, ಆರಾಮ ಅದೀರಿ?"

"ಆರಾಮ ಅದೇನವ್ವಾ. ಊರ ಹೆಂಗೈತಿ ಹೇಳು."

ನಸೀಮಾ ಹೇಳಿದಳು, ಬಹಳ ಹೇಳಿದಳು. ಗಾಳಿ ಎಷ್ಟು ಸ್ವಚ್ಛ, ರಸ್ತೆ ಎಷ್ಟು ಸ್ವಚ್ಛ. ಮನೆ ದೊಡ್ಡದು, ಹಿಂದೆ ನಿಂಬೆಗಿಡ. ಮಂದಿ ಎಷ್ಟು ಒಳ್ಳೆಯವರೆಂದರೆ ದಾರಿಯಲ್ಲಿ ಗುರುತಿಲ್ಲದವರೂ ನಮಸ್ಕಾರ ಹೇಳುತ್ತಾರೆ. ದವಾಖಾನೆ ಒಳ್ಳೆಯದು, ಸಾಹೇಬರು ಒಳ್ಳೆಯವರು. ಹೆಸರಿಡುವ ಹಾಗೆ ಏನೂ ಇಲ್ಲ. "ನೀವೇನೂ ವಿಚಾರ ಮಾಡಬ್ಯಾಡ್ರಿ ಆಯಿ, ಕಣ್ಣ ಮುಚ್ಚಿ ಕಳಸ್ರಿ."

ಅತ್ತಿ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನತ್ತ ತಿರುಗಿದಳು. "ಭಾಳ ಹೊಗಳಾಕತ್ತಾಳ." ಅಂಗೈ ಮುಚ್ಚಿದರೂ ಅತ್ತಿಯ ದನಿ ಗಡಿ ದಾಟುವಂಥದ್ದು.

"ನಸೀಮಾ," ಅಂದಳು ಅತ್ತಿ, "ಇಷ್ಟ ಹೊತ್ತ ಹೊಗಳೀದಿ, ಛಲೋ ಆತು. ಈಗ ಸ್ವಲ್ಪ ಬೈಯವ್ವಾ."

"ಯಾರನ್ನ ಆಯಿ?"

"ಊರನ್ನ. ಬಾಳೇವ ಮಾಡವರು ಊರನ್ನ ಬೈದಿಲ್ಲಂದ್ರ ನಾ ನಂಬೂದಿಲ್ಲ."

ನಸೀಮಾ ಮತ್ತೆ ನಕ್ಕಳು, ಈ ಸಲ ಸಣ್ಣದಾಗಿ. "ಬೈಯೂ ಅಂಥಾದ್ದ... ನೊಣಾ ಭಾಳ ಅದಾವ ಆಯಿ. ಬಾಯಿ ತಗದ್ರ ಒಳಗ ಹೋಗ್ತಾವ."

"ಹಾಂ. ಮತ್ತ?"

"ಬಸ್ಸಿಲ್ಲ. ಕಾರ ಇಲ್ಲಂದ್ರ ಕಾಲ ಇಲ್ಲದಾಂಗ. ನಾ ಇಲ್ಲಿ ಬಂದ ಮ್ಯಾಲ ಹೊಡಿಯಾಕ ಕಲತೆ, ಒಮ್ಮಿ ಮಂದಿ ಬೇಲಿ ಮುರದೇನಿ. ಸಂಜೀಕ ಅಂಗಡಿ ಎಲ್ಲಾ ಬಂದ್. ಕೋತಂಬರಿ ಬೇಕಂದ್ರ ನಾನ ಬಿತ್ತಬೇಕು. ಬ್ಯಾಸಗ್ಯಾಗ ಬಿಸಲ ನಮ್ಮ ಕಡೀ ಬಿಸಲಿಗೆ ಅಪ್ಪ."

"ನಮ್ಮ ತೆಲಸಂಗದ ಬಿಸಲ ನೋಡೀಯೇನ ನೀ?" ಅತ್ತಿಗೆ ಇದ್ದಕ್ಕಿದ್ದಂತೆ ಅಭಿಮಾನ ಕೆರಳಿತು. ಸವಿತಾ ಕಾಲು ಒತ್ತಿದಳು. ಅತ್ತಿ ಸಾವರಿಸಿಕೊಂಡು, ದನಿ ಇಳಿಸಿ, ಮರಾಠಿಗೆ ಹೊರಳಿದಳು. ನಾನು ಕಂಡಂತೆ ಅತ್ತಿಯ ಎಲ್ಲ ತನಿಖೆಗಳಲ್ಲೂ ಇದೇ ಕೊನೆಯ ಪಟ್ಟು.

"ತಿಥಂ ಕರಮತಂ ಕಾ, ಬಾಳಾ?" ಅಲ್ಲಿ ನಿನ್ನ ಜೀವಕ್ಕೆ ಹೊಂದಿಕೆ ಆಗೈತೇನ ಮಗಳೇ, ಅಂತ.

ಫೋನು ಕಟ್ಟಾಯಿತೆಂದು ಸವಿತಾ ಅತ್ತಿಯ ಕಿವಿಯಿಂದ ಕಿತ್ತು ನೋಡಿದಳು. ಕಟ್ಟಾಗಿರಲಿಲ್ಲ. ಒಬ್ಬ ಹುಡುಗಿ ದುಪಟ್ಟಾದಿಂದ ಮೂಗು ಒತ್ತಿಕೊಂಡು ಕೂತಿದ್ದಳು, ಹಿಂದೆ ಕಿಟಕಿಯಲ್ಲಿ ಅವಳು ಹೇಳಿದ ನಿಂಬೆಗಿಡ. ಮೊದಲ ಸಲ ನಾವು ಮೂವರೂ ಅವಳ ಮುಖ ನೋಡಿದೆವು.

"ಮಾತಾಡಾಕ ಮಂದಿ ಇಲ್ಲ ಆಯಿ," ಎಂದಳು. "ಇಂಗ್ಲಿಷ ಮಾತಾಡ್ತೇನಿ, ದಿನಾ ಮಾತಾಡ್ತೇನಿ. ಆದ್ರ ನಗಬೇಕಂದ್ರ, ಬೈಬೇಕಂದ್ರ ಯಾರೂ ಇಲ್ಲ. ಆ ಏಜೆಂಟಗ ನಾನ ಹೇಳಿದ್ದೆ, ನಮ್ಮ ಕಡೆಯವರು ಯಾರರ ಈ ಊರ ಕೇಳಿದ್ರ ನನ್ನ ನಂಬರ ಕೊಡ್ರಿ ಅಂತ. ಅಂವ ನನಗೇನೂ ಕೊಡೂದಿಲ್ಲ, ಅಲ್ಲಾನ ಮ್ಯಾಲಾಣಿ. ಖರೇ ಹೇಳಿದ್ರ ಎಲ್ಲಿ ಬರೂದಿಲ್ಲೋ ಅಂತ ಎಲ್ಲಾ ಛಲೋ ಐತಿ ಅಂದೆ. ಇದರಕಿಂತ ಮೊದಲೂ ಒಬ್ಬಾಕಿಗೆ ಹಂಗ ಹೇಳಿದ್ದೆ. ಆಕಿ ಬರಲಿಲ್ಲ."

ನಾನು ಅತ್ತಿಯ ಕಡೆ ನೋಡಿದೆ. ಸಂಶಯ ನಿಜವಾದರೆ ಆಗುವ ಸಂತೋಷ ಅವಳ ಮುಖದಲ್ಲಿ ಇರಲೇ ಇಲ್ಲ. ಅವಳ ಅಷ್ಟು ವರ್ಷಗಳ ತನಿಖೆಯಲ್ಲಿ ಹೀಗೊಂದು ಸುಳ್ಳು ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ಮಾತಾಡಿದವಳು ಸವಿತಾ. "ಅಕ್ಕಾ, ಹಂಗಾರ ನೀವ್ಯಾಕ ಬಿಟ್ಟ ಬಂದಿಲ್ಲ?"

ನಸೀಮಾ ಕಣ್ಣೊರೆಸಿಕೊಂಡಳು. "ಬಿಡಬೇಕಂತ ಒಂದೆರಡು ಸಲ ಬ್ಯಾಗ ತಗದೇನಿ. ಹೆಂಗ ಹೇಳ್ಲಿ? ಇದು ಸಣ್ಣ ದವಾಖಾನಿ. ಡಾಕ್ಟರ್ ಎಲ್ಲಾ ಹೊತ್ತಿನ್ಯಾಗೂ ಇರಂಗಿಲ್ಲ. ಪೇಶಂಟ ಬಂದ್ರ ಮೊದಲ ನೋಡಾಕಿ ನಾನ. ಫೋನ ಮಾಡಿ ಹಿಂಗಿಂಗ ಐತಿ, ನನಗ ಹಿಂಗ ಅನಸ್ತೈತಿ ಅಂದ್ರ ಡಾಕ್ಟರ್ ಕೇಳಿಕೋತಾನ. ನ-ಸಿ-ಮಾ, ನಿನಗೇನ ಅನಸ್ತೈತಿ, ಅಂತ ತಾನ ಕೇಳ್ತಾನ. ಅಲ್ಲಿ ನಮ್ಮ ಕಡೆ ನನಗೇನ ಅನಸ್ತೈತಿ ಅಂತ ಯಾರೂ ಕೇಳಿರಲಿಲ್ಲ ನೋಡವ್ವಾ. ಅದೊಂದಕ್ಕ ಬ್ಯಾಗ ಮತ್ತ ಮ್ಯಾಲ ಇಟ್ಟೆ."

ನಾನು ಸವಿತಾಳ ಮುಖ ನೋಡುತ್ತಿದ್ದೆ. ಮಿರಜದಿಂದ ಬಂದಾಗಲೆಲ್ಲ ಊಟಕ್ಕೆ ಕೂತು ಅವಳು ಹೇಳುವ ಕತೆಗಳು ಬಹಳ. ಇಂಥ ಪೇಶಂಟಿಗೆ ಹೀಗಾಗುತ್ತದೆಂದು ತನಗೆ ಮೊದಲೇ ಅನಿಸಿತ್ತು, ಹೇಳಲು ಹೋದರೆ "ನೀವು ನಿಮ್ಮ ಕೆಲಸಾ ನೋಡ್ರಿ ಸಿಸ್ಟರ್" ಅಂದರು, ಆಮೇಲೆ ಅವಳಿಗೆ ಅನಿಸಿದ್ದೇ ಆಯಿತು. ಕತೆಗಳ ಹೆಸರು ಬದಲಾಗುತ್ತಿದ್ದವು, ಕೊನೆ ಬದಲಾಗುತ್ತಿರಲಿಲ್ಲ. ನಾನು ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದೆ. ಈಗ ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದಳು. ಅವಳ ಮನಸ್ಸು ಆಗಲೇ ಬಸ್ಸು ಹತ್ತಿ ಕೂತಿತ್ತು. ತಾಯಿಯಾದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ?

ಗೊತ್ತಾಯಿತು, ಆದರೆ ಸಂಶಯ ಹೋಗಲಿಲ್ಲ. ಆ ವಾರವಿಡೀ ಅದು ರೂಪ ಬದಲಿಸುತ್ತ ನನ್ನ ಜೊತೆ ಗಿರಣಿಯಲ್ಲಿ ಕೂತಿತ್ತು. ಆ ದೇಶದವರು ನಡುವೆ ಕಾನೂನು ಬದಲಿಸಿದರೆ? ವರ್ಷ ಮುಗಿದ ಮೇಲೆ ಕಾಯಂ ಇಲ್ಲ ಎಂದುಬಿಟ್ಟರೆ? ಇವಳ ಮನಸ್ಸು ಹತ್ತದೆ, ಬಿಟ್ಟು ಬರಲೂ ಆಗದೆ ನಡುನೀರಲ್ಲಿ ನಿಂತರೆ? ಕಾಯುವ ದಾರಿಯೇ ಲೇಸೇ? ಕಾದರೆ ಕೊನೆಗೆ ಎಲ್ಲಿಯೂ ಇಲ್ಲದಂತೆ ಆದರೆ? ಒಬ್ಬರ ಗೋಧಿಯನ್ನು ಇನ್ನೊಬ್ಬರ ಡಬ್ಬಿಗೆ ಹಾಕಿದೆ. ಬಿಳಿಜೋಳದ ಮೇಲೆ ಮೆಕ್ಕೆಜೋಳ ಸುರಿದೆ. ಗಿರಾಕಿಗಳು ಬೈದರು. ಈ ಸಲ ಯಾವ ರೀತಿರಿವಾಜೂ ಇಲ್ಲದೆ ನೇರವಾಗಿಯೇ ಬೈದರು.

ಮುಂದಿನ ರಜೆಗೆ ಬಂದ ಸವಿತಾ ನಾನು ಹಿಟ್ಟು ನಾದುವಾಗ ಬಳಿಗೆ ಬಂದು ಕೂತಳು.

"ಯವ್ವಾ, ಆಯಿ ಹೂಂ ಅಂದ್ಲು. ಅಪ್ಪಾ ಯಾವಾಗಲೂ ಹೂಂ. ನೀ ಏನೂ ಅನ್ನಲಿಲ್ಲ."

"ನಾ ಏನನ್ನಲಿ? ನಿನಗ ಹೋಗಬೇಕಂತ ಐತೇನ?"

"ಐತಿ. ಅಂಜಿಕಿನೂ ಐತಿ."

"ಎಷ್ಟ ಐತಿ ಅಂಜಿಕಿ?"

ಅವಳು ನಗಲಿಲ್ಲ. ತೂಕ ಮಾಡುವವಳಂತೆ ಕಣ್ಣು ಮುಚ್ಚಿ ವಿಚಾರ ಮಾಡಿದಳು. "ಹೋಗಬೇಕನ್ನೂದರಕಿಂತ ಒಂದ ಚೂರ ಕಡಿಮಿ."

ಕೈಯಲ್ಲಿದ್ದ ಹಿಟ್ಟನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಾದಿದೆ. ಅವಳು ಛಲೋ ಐತಿ, ಏನೂ ಅಂಜಿಕೆ ಇಲ್ಲ ಎಂದಿದ್ದರೆ ಖಂಡಿತ ಬೇಡ ಎನ್ನುತ್ತಿದ್ದೆ. "ಹಂಗಾರ ಹೋಗು," ಎಂದೆ.

ಮರುದಿನ ನಾವು ಮೂವರೂ ಬೆಳಗಾವಿಯ ಬಸ್ಸು ಹತ್ತಿದೆವು. ಅತ್ತಿ ಬರುವುದು ಬೇಡವೆಂದರೂ ಕೇಳಲಿಲ್ಲ. ಮಾತು ಮುಗಿಸಲು ಹಿರಿಯರು ಹೋಗದಿದ್ದರೆ ಅದು ಮಾತಲ್ಲವಂತೆ. ಏಜೆಂಟನ ಆಫೀಸು ಮಹಡಿಯ ಮೇಲೆ. ಅತ್ತಿ ಒಂದೊಂದು ಮೆಟ್ಟಿಲಿಗೂ ಕಟ್ಟಿದವನನ್ನು ಬೈಯುತ್ತ ಹತ್ತಿದಳು. ಏಜೆಂಟ ಮರ್ಯಾದೆಯ ಮನುಷ್ಯ, ಕುರ್ಚಿ ಎಳೆದು ಕೊಟ್ಟ. ಸವಿತಾ ಹೂಂ ಎಂದಾಗ ಅವನಿಗೆ ಆಶ್ಚರ್ಯವೇ ಆಯಿತು.

"ಖರೇ ಹೇಳಬೇಕಂದ್ರ ನೀವು ಇಲ್ಲ ಅಂತೀರಿ ಅಂದಕೊಂಡಿದ್ದೆ. ಈ ಊರಿನ ಹೆಸರು ಕೇಳಿ ಭಾಳ ಮಂದಿ ಹಿಂದ ಸರದಾರ. ಬಂದವರೆಲ್ಲಾ ಪಗಾರ ಕೇಳ್ತಾರ, ಹವಾ ಕೇಳ್ತಾರ, ಶಹರ ಎಷ್ಟ ದೂರ ಅಂತ ಕೇಳ್ತಾರ. ಆಯಿ, ನೀವು ಯಾವುದರ ಮ್ಯಾಲ ಹೂಂ ಅಂದ್ರಿ?"

"ಆ ನಿಪ್ಪಾಣಿ ಹುಡುಗಿ ಅಲ್ಲಿ ಒಬ್ಬಾಕೀನ ಅದಾಳ," ಅಂದಳು ಅತ್ತಿ. "ಇಬ್ಬರಾಗಲಿ ಅಂತ."

ಆತ ಅತ್ತಿಯನ್ನು ನೋಡಿದ, ನನ್ನನ್ನು ನೋಡಿದ. ಸವಿತಾಳನ್ನು ನೋಡಿದ.

"ಅಷ್ಟ?"

"ಅಷ್ಟ."

"ಬ್ಯಾರೆ ಏನೂ ಕಾರಣ ಇಲ್ಲ?"

"ಬ್ಯಾರೆ ಏನ ಬೇಕೋ ತಮ್ಮಾ?"

ಆತ ನಂಬದವನಂತೆ ಕಾಗದಗಳನ್ನು ಎಳೆದುಕೊಂಡು ಒಂದೊಂದನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಹೆಸರು ನೋಡಿದ, ಹುಟ್ಟಿದ ತಾರೀಖು ನೋಡಿದ, ಫೋಟೋವನ್ನು ಸವಿತಾಳ ಮುಖದ ಪಕ್ಕ ಹಿಡಿದು ನೋಡಿದ. ಆಮೇಲೆ ಸಹಿ ಮಾಡುವ ಜಾಗ ತೋರಿಸಿ ಪೆನ್ನು ಕೊಟ್ಟ. ಸವಿತಾ ಒಂದು ಉಸಿರು ತೆಗೆದುಕೊಂಡು ಸಹಿ ಹಾಕಿದಳು. ಆತ ಆ ಸಹಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಲ ನೋಡಿದ.